ಕಾಡುಬಾಳೆಯ ಬಾಟಲಿಗಳೂ ಕೇರಳ ಮೇಡಮ್ಮೂ

ಬೆಂಗಳೂರಿಗೆ ಬಂದು ನಾನು ಕನ್ನಡದಲ್ಲಿ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ತಮಿಳಿನಲ್ಲಿ ಬಂತು.

ಪಟ್ಟಂದೂರು ಅಗ್ರಹಾರದ ಒಂದು ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ರಟ್ಟು ಕಟ್ಟಿತ್ತು. ಒಳಗೆ ಮೆಟ್ಟಿಲ ಮೇಲೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ದಂಟಿನ ಸೊಪ್ಪು ಬಿಡಿಸುತ್ತಿದ್ದರು. 'ಇಲ್ಲಿ ಮನೆ ಉಂಟಾ ಅಮ್ಮಾ?' ಎಂದೆ. ಅವರು 'ಆಧಾರ್' ಎಂದು ಕೈ ಚಾಚಿದರು. ಕಾರ್ಡು ತೋರಿಸಬೇಕಂತೆ. ಕೊಟ್ಟೆ. ಅದರ ಮೇಲಿದ್ದ ಮಲಯಾಳ ಅಕ್ಷರಗಳನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ ವಾಪಸು ಕೊಟ್ಟರು. 'ವೀಡು ಇಲ್ಲೆಮ್ಮಾ' ಎಂದರು.

ನಾನು ಕನ್ನಡದಲ್ಲೇ ಮುಂದುವರಿಸಿದೆ. ಕೆಲಸ ಇಲ್ಲೇ ಹತ್ತಿರ, ಒಬ್ಬಳೇ ಇರುವುದು, ಗಲಾಟೆಯಿಲ್ಲ ಎಂದೆಲ್ಲ ಹೇಳಿದೆ. ಅವರು ಸೊಪ್ಪನ್ನು ಪಕ್ಕಕ್ಕಿಟ್ಟು ತಲೆಯೆತ್ತಿದರು.

'ಕನ್ನಡ ಎಲ್ಲಿ ಕಲ್ತ್ಕಂಡ್ರಿ?'

ಊರಿಗೆ ಬಂದಾಗ ಸಿಕ್ಕವರೆಲ್ಲ ನನ್ನಲ್ಲಿ ಕೇಳುವುದುಂಟು, ಬೆಂಗಳೂರಿನಲ್ಲಿ ನಿನಗೆಂತ ಕಷ್ಟ, ಅದು ನಮ್ಮದೇ ಭಾಷೆಯ ಊರಲ್ಲವಾ, ದುಬಾಯಿಗೆ ಹೋದವರ ಹಾಗೆ ಹೇಳಿಕೊಳ್ಳುವುದಕ್ಕೆ ಎಂತ ಉಂಟು ಎಂದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಾಸರಗೋಡಿನಲ್ಲಿ ಮನೆಯೊಳಗೆ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ನಾವು. ಮೂರರಲ್ಲಿ ಕನ್ನಡಕ್ಕಾಗಿ ಮಾತ್ರ ಜಗಳವಾಡಿದವರು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕನ್ನಡದ ಮೆರವಣಿಗೆಗಳಿಗೆ ಹೋಗುತ್ತಿದ್ದರು. ಘಟ್ಟದ ಕಡೆಗೆ ಕೈ ತೋರಿಸಿ, ನಾವು ನಿಜವಾಗಿ ಆ ಕಡೆಯವರು ಎನ್ನುತ್ತಿದ್ದರು. ಆ ಕಡೆಯ ರಾಜಧಾನಿಗೆ ನಾನು ಬಂದು ನಿಂತಾಗ, ಆ ಕಡೆಯವರಿಗೆ ನನ್ನ ಬಾಯಲ್ಲಿ ಕನ್ನಡ ಬಂದದ್ದೇ ಸೋಜಿಗವಾಯಿತು.

ನಾನು ಬಂದದ್ದು ಬಾಳೆಗಾಗಿ. ಊರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಅಲ್ಲಿದ್ದ ಪುಟ್ಟ ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಮಾಡಿಸುತ್ತಿದ್ದೆ. ಗಿಡದ ಒಂದು ಚೂರು ಜೀವಂತ ಭಾಗವನ್ನು ಬಾಟಲಿಯಲ್ಲಿ ಬೆಳೆಸಿ ನೂರಾರು ಗಿಡ ಮಾಡುವ ವಿದ್ಯೆ ಅದು. ಸಸ್ಯಶಾಸ್ತ್ರ ಕಲಿಯಲು ಮಕ್ಕಳು ಬರುವುದು ನಿಂತಿತು, ವಿಭಾಗ ಮುಚ್ಚಿತು. ಆಗ ವೈಟ್‌ಫೀಲ್ಡಿನ ಹೊರವಲಯದ ಕಂಪನಿಯೊಂದು ಸಂಶೋಧನೆಗೆ ಜನ ಬೇಕೆಂದು ಕರೆಯಿತು. ನನ್ನ ಗಂಡ ಗೋಪಾಲ ಮಾಷ್ಟ್ರು ಊರಿನ ಕನ್ನಡ ಶಾಲೆಯಲ್ಲಿದ್ದಾರೆ. ಅವರು ಬಿಟ್ಟು ಬಂದರೆ ಆ ಹುದ್ದೆಗೆ ಮತ್ತೆ ಯಾರನ್ನಾದರೂ ಹಾಕುತ್ತಾರೆಂಬ ಭರವಸೆ ಇರಲಿಲ್ಲ. ನಾನು ಹೋಗುವುದು, ಅವರು ಇರುವುದು ಎಂದಾಯಿತು. ಕನ್ನಡ ಉಳಿಸಲು ಅವರು ಕೇರಳದಲ್ಲಿ ಉಳಿದರು, ಹೊಟ್ಟೆಪಾಡಿಗೆ ನಾನು ಕರ್ನಾಟಕಕ್ಕೆ ಬಂದೆ.

ಮನೆ ಕೊನೆಗೂ ಅಲ್ಲೇ ಸಿಕ್ಕಿತು. ಸೊಪ್ಪು ಬಿಡಿಸುತ್ತಿದ್ದವರು ಮುನಿತಾಯಮ್ಮ, ಆ ಕಟ್ಟಡದ ಒಡತಿ. ಎರಡನೆಯ ಮಹಡಿಯ ಒಂದು ಕೋಣೆ, ಅದಕ್ಕಂಟಿದ ಅಡುಗೆಮನೆ. ಕೊಡುವಾಗ ಒಂದು ಷರತ್ತು ಹಾಕಿದರು. 'ಕೋಳಿ ಮಾಡ್ಕಳಿ, ಕುರಿ ಮಾಡ್ಕಳಿ, ಬ್ಯಾಡ ಅನ್ನಲ್ಲ. ಒಣಮೀನು ಮಾತ್ರ ಬ್ಯಾಡ. ಇಂದೆ ಇದ್ದೋರು ಸುಟ್ಟೂ ಸುಟ್ಟೂ ಗೋಡೆಗೆಲ್ಲಾ ವಾಸ್ನೆ ಅತ್ಕಂಡ್‌ಬಿಟ್ಟಿತ್ತು.' ಇಂದೆ ಎಂದರೆ ಹಿಂದೆ. ಇಲ್ಲಿನ ಹಳಬರು ಹಕಾರ ನುಂಗುತ್ತಾರೆ.

ನಮ್ಮಲ್ಲಿ ಬಾವಿಗೆ ಕೊಡಪಾನ ಇಳಿಸಿದರೆ ನೀರು. ಇಲ್ಲಿ ಟ್ಯಾಂಕರ್ ಬಂದ ದಿನ ನೀರು. ಬೆಳಗ್ಗೆ ಮುನಿತಾಯಮ್ಮ ಮೋಟಾರು ಹಾಕಿದಾಗ ಹಿಡಿದಿಟ್ಟುಕೊಳ್ಳದಿದ್ದರೆ ಸಂಜೆವರೆಗೆ ನಲ್ಲಿಯಲ್ಲಿ ಗಾಳಿ ಮಾತ್ರ. ಒಮ್ಮೆ ಬಟ್ಟೆ ಒಗೆಯುವಾಗ ನಾನು ನಲ್ಲಿ ಬಿಟ್ಟುಕೊಂಡೇ ಇದ್ದೆ, ಊರಿನ ಅಭ್ಯಾಸ. ಅವರು ಮೆಟ್ಟಿಲು ಹತ್ತಿ ಬಂದು ನಲ್ಲಿ ತಿರುಗಿಸಿ ನಿಲ್ಲಿಸಿ, ನಿಮ್ಮೂರಿನ ಸಮುದ್ರ ಇಲ್ಲಿಗೆ ಬಂದದೆ ಅಂದ್ಕಂಡ್ರಾ ಎಂದು ಕೇಳಿ ಇಳಿದು ಹೋದರು. ಆಮೇಲೆ ಕೆಲವು ವಾರ ನಮ್ಮ ನಡುವೆ ಮಾತಿರಲಿಲ್ಲ. ಅವರು ಮೋಟಾರು ಹಾಕಿದ್ದನ್ನು ನಾನು ಸದ್ದಿನಿಂದ ತಿಳಿದುಕೊಳ್ಳುತ್ತಿದ್ದೆ.

ಅನ್ನಕ್ಕೂ ಅದೇ ಪಾಡು. ಅಂಗಡಿಗಳಲ್ಲಿ ಬಿಳಿಯ ಬೆಳ್ತಿಗೆ ಅಕ್ಕಿ ಬಿಟ್ಟರೆ ರಾಗಿ. ಭತ್ತ ಬೇಯಿಸಿ ಒಣಗಿಸಿ ಮಾಡುವ ನಮ್ಮ ಕುಚ್ಚಿಲಕ್ಕಿ ಕೇಳಿದರೆ 'ಅದ್ಯಾವ್ದು ಮೇಡಂ, ಕೆಂಪಕ್ಕಿನಾ?' ಎಂದು ಬೇರೇನನ್ನೋ ತೋರಿಸುತ್ತಾರೆ. ಹುಡುಕಿ ಹುಡುಕಿ ರೈಲ್ವೆ ಹಳಿಯ ಆಚೆ ಒಂದು ಅಂಗಡಿ ಸಿಕ್ಕಿತು. ಕುಚ್ಚಿಲಕ್ಕಿ, ತೆಂಗಿನೆಣ್ಣೆ, ನೇಂದ್ರಬಾಳೆಯ ಚಿಪ್ಸು ಎಲ್ಲ ಇತ್ತು. ಅಂಗಡಿಯವರು ಕಣ್ಣೂರಿನವರು. ನನ್ನ ಮುಖ ನೋಡಿದ್ದೇ ಮಲಯಾಳದಲ್ಲಿ ಮಾತಿಗಿಳಿದರು, ನಾನೂ ಮಲಯಾಳದಲ್ಲೇ ಉತ್ತರಿಸಿದೆ. ಮಳೆ ಯಾವಾಗ, ರೈಲು ಎಷ್ಟು ತಡ, ಬಂಗುಡೆಗೆ ಏನು ರೇಟು ಎಂದು ಅರ್ಧ ಗಂಟೆ ನಿಂತೆ. ಬೆಂಗಳೂರಿಗೆ ಬಂದ ಮೇಲೆ ಯಾರೂ ಎಲ್ಲಿಯವಳು ಎಂದು ಕೇಳದೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಅಕ್ಕಿ ಹೊತ್ತುಕೊಂಡು ಬರುವಾಗ ದಾರಿಯಲ್ಲಿ ಅಪ್ಪನ ನೆನಪಾಗಿ ನಾಚಿಕೆಯಾಯಿತು.

ಇನ್ನು ಕಂಪನಿ. ಹೊರಗಿನಿಂದ ತಗಡಿನ ಶೆಡ್ಡು, ಒಳಗೆ ಆಸ್ಪತ್ರೆಯಂಥ ಸ್ವಚ್ಛತೆ. ಬಾಳೆಯ ಕಂದಿನ ನಡುವೆ ಮೊಳೆಯುವ ತುದಿಯನ್ನು ಬೆರಳಿನ ಉಗುರಿನಷ್ಟು ಕತ್ತರಿಸಿ, ಔಷಧಿ ನೀರಿನಲ್ಲಿ ತೊಳೆದು, ಬಾಟಲಿಯೊಳಗಿನ ಜೆಲ್ಲಿಯ ಮೇಲೆ ಕೂರಿಸುತ್ತಾರೆ. ಜೆಲ್ಲಿ ಎಂದರೆ ನಾವು ಪುಡಿಂಗಿಗೆ ಹಾಕುವ ಚೈನಾ ಗ್ರಾಸ್‌ನಂಥದ್ದೇ. ಅದರಲ್ಲಿ ಸಕ್ಕರೆ, ಲವಣ, ಬೆಳವಣಿಗೆಯ ಔಷಧಿ. ಕತ್ತರಿಸುವ ಕೆಲಸವೆಲ್ಲ ಸೋಸಿದ ಗಾಳಿ ಬೀಸುವ ಗಾಜಿನ ಪೆಟ್ಟಿಗೆಯ ಮುಂದೆ ಕುಳಿತು ಆಗಬೇಕು. ಅದನ್ನು ಲ್ಯಾಮಿನಾರ್ ಎನ್ನುತ್ತಾರೆ. ಒಂದು ಚಿಕ್ಕ ಬ್ಯಾಕ್ಟೀರಿಯಾ ಒಳಹೊಕ್ಕರೂ ಸಕ್ಕರೆ ತಿಂದು ಕೊಬ್ಬುತ್ತದೆ, ಗಿಡದ ಬುಡದಲ್ಲಿ ಹಾಲಿನಂಥ ಮಬ್ಬು ಏಳುತ್ತದೆ. ಮಬ್ಬು ಕಂಡ ಬಾಟಲಿ ತೆರೆಯುವ ಹಾಗಿಲ್ಲ. ಕುದಿಸಿ ಎಸೆಯಬೇಕು.

ದೊಡ್ಡ ಹಾಲ್‌ನಲ್ಲಿ ರೈತರಿಗೆ ಮಾರುವ ಬಾಳೆಸಸಿಗಳು. ಮೂಲೆಯ ಚಿಕ್ಕ ಕೋಣೆಯಲ್ಲಿ ನನ್ನ ಕೆಲಸ, ಈಶಾನ್ಯದ ಬೆಟ್ಟಗಳಿಂದ ತಂದ ಕಾಡುಬಾಳೆಗಳು. ನಮ್ಮ ಗುಡ್ಡದ ಕಲ್ಲುಬಾಳೆಯ ಹಾಗೆ ಹಣ್ಣಿನ ತುಂಬ ಬೀಜ, ತಿನ್ನಲು ಬಾರದು. ಆದರೆ ಊರಿನ ಬಾಳೆಗಳು ಸುಟ್ಟುಹೋಗುವ ಚಳಿಯಲ್ಲಿ ಅವು ಹಸಿರಾಗಿರುತ್ತವೆ. ಚಳಿ ಬಿದ್ದಲ್ಲಿ ತೋಟದ ಬಾಳೆಗೆ ಎಲೆ ಹಳದಿಯಾಗಿ, ಗೊನೆ ಹೊರಬರಲಾರದೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಡಿನದಕ್ಕೆ ಆ ತಾಳಿಕೆ ಹೇಗೆ ಬಂತೆಂದು ತಿಳಿದರೆ ತೋಟದ್ದಕ್ಕೂ ಏನಾದರೂ ಮಾಡಬಹುದು. ಅದಕ್ಕೆ ಬಾಟಲಿಗಳನ್ನು ಐದಾರು ಡಿಗ್ರಿಯ ಶೀತಪೆಟ್ಟಿಗೆಯಲ್ಲಿ ಕೆಲವು ವಾರ ಇಟ್ಟು ಮತ್ತೆ ಬೆಚ್ಚಗಿನ ಬೆಳಕಿಗೆ ತರುವುದು, ಯಾವುದು ಚಿಗುರುತ್ತದೆ, ಯಾವುದು ಕಪ್ಪಾಗುತ್ತದೆ ಎಂದು ನೋಡುವುದು. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ನಾನು ಸ್ವೆಟರ್ ತೊಟ್ಟು ಬೆರಳು ಮರಗಟ್ಟಿಸಿಕೊಂಡು ಬಾಟಲಿ ಎಣಿಸುತ್ತಿದ್ದೆ. ಚಳಿಯೆಂದರೆ ಡಿಸೆಂಬರಿನ ಬೆಳಗ್ಗೆ ಒಂದು ಚಾದರ ಎಂದು ತಿಳಿದಿದ್ದ ಕಡಲತೀರದವಳು.

ಮೊದಲ ವಾರ ಡೈರೆಕ್ಟರ್ ಸಾರ್ ಎಲ್ಲರ ಮುಂದೆ ನನ್ನನ್ನು ಪರಿಚಯಿಸುತ್ತ, ಬಾಟಲಿಯ ಸಸಿ ಮಣ್ಣಿಗೆ ಹೊಂದಿಕೊಳ್ಳುವ ಹಾಗೆ ನೀವೂ ಇಲ್ಲಿಗೆ ಹೊಂದಿಕೊಳ್ಳುತ್ತೀರಿ ಎಂದು ಇಂಗ್ಲಿಷಿನಲ್ಲಿ ನಗೆಯಾಡಿದರು. ಎಲ್ಲರೂ ನಕ್ಕರು. ಸಸಿ ಮಣ್ಣಿಗೆ ಹೋಗುವಾಗ ಬಾಡಿಗೆ ಕರಾರಿಗೆ ಸಹಿ ಹಾಕಬೇಕಾಗಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ನಗದವರು ಒಬ್ಬರೇ, ವಸುಧಾ ಮೇಡಂ. ದೊಡ್ಡ ಹಾಲ್‌ನ ಮುಖ್ಯಸ್ಥೆ. ಜಾಲಹಳ್ಳಿಯವರು, ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸೈರನ್ ಕೇಳಿ ಎದ್ದು ಬೆಳೆದವರು. ಈಗಲೂ ಅಲ್ಲಿಂದಲೇ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಈ ತುದಿಗೆ ಬರುತ್ತಿದ್ದರು. ಒಂದು ದಿನವೂ ತಡವಾದದ್ದಿಲ್ಲ. ಕಾಡುಬಾಳೆಯ ಕಂದುಗಳು ಬೆಟ್ಟದಿಂದ ಬಂದಾಗ ಅವುಗಳನ್ನು ಮೊದಲು ಬಾಟಲಿಗೆ ಇಳಿಸಿದವರು ಅವರೇ. ಅವುಗಳ ಸಂಶೋಧನೆಯ ಕೆಲಸ ಅವರಿಗೇ ಸಿಗುತ್ತದೆಂದು ಎಲ್ಲರೂ ತಿಳಿದಿದ್ದರಂತೆ, ಅವರೂ ತಿಳಿದಿದ್ದರು. ಹೊರಗಿನಿಂದ ನಾನು ಬಂದೆ.

ಹಾಲ್‌ನಲ್ಲಿ ಕೆಲಸ ಮಾಡುವ ಹುಡುಗಿಯರೊಡನೆ ಅವರ ಮಾತು ಕನ್ನಡದಲ್ಲಿ, ನನ್ನೊಡನೆ ಇಂಗ್ಲಿಷಿನಲ್ಲಿ ಮಾತ್ರ. ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ. ಊಟದ ಹೊತ್ತಿಗೆ ನನ್ನ ಡಬ್ಬಿ ತೆರೆದರೆ ತೆಂಗಿನೆಣ್ಣೆಯ ವಾಸನೆಗೆ ಎದ್ದು ಕಿಟಕಿ ತೆರೆಯುತ್ತಿದ್ದರು. ನಾನು ಹಾಲ್‌ನಲ್ಲಿ ಏನಾದರೂ ಹೇಳಿದರೆ ಹುಡುಗಿಯರು 'ಯಕ್ಷಗಾನ ಶುರುವಾಯ್ತು' ಎಂದು ಪಿಸುಗುಟ್ಟುವರು, ವಸುಧಾ ತಡೆಯುತ್ತಿರಲಿಲ್ಲ. ನನ್ನ ಹೆಸರು ಸುಮತಿ ಎಂಬುದು ಅಲ್ಲಿ ಯಾರಿಗೂ ಬೇಕಾಗಲಿಲ್ಲ, 'ಕೇರಳ ಮೇಡಂ' ಎಂದರೆ ಸಾಕಿತ್ತು. ಶೀತಪೆಟ್ಟಿಗೆಯ ಕೀಲಿ ವಸುಧಾ ಅವರ ಬಳಿ ಇರುತ್ತಿತ್ತು. ಬೇಕಾದಾಗಲೆಲ್ಲ ಹೋಗಿ ಕೇಳಬೇಕು, ಅವರು ಕೈಯಲ್ಲಿದ್ದ ಕೆಲಸ ಮುಗಿಸಿ ಕೊಡುವವರೆಗೆ ನಿಂತಿರಬೇಕು.

ನಾನೂ ಸುಮ್ಮನಿದ್ದೆನೆಂದಲ್ಲ. ನಮ್ಮಿಬ್ಬರಿಗೂ ಸೇರಿದ್ದ ಮೇಜಿನ ಮೇಲೆ ನಡುವೆ ಕೆಂಪು ಟೇಪು ಅಂಟಿಸಿದೆ. ಅವರು ಬರೆದಿದ್ದ ಬಾಟಲಿ ಚೀಟಿಗಳನ್ನೆಲ್ಲ ಕಿತ್ತು ನನ್ನ ಕೈಬರಹದಲ್ಲಿ ಹೊಸದಾಗಿ ಬರೆದು ಅಂಟಿಸಿದೆ, ಅಗತ್ಯವಿಲ್ಲದಿದ್ದರೂ. ಅವರು ಅದನ್ನು ನೋಡಿದ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಜುಲೈ ಹೊತ್ತಿಗೆ ಚಳಿಯಿಂದ ಹೊರಬಂದ ಕಾಡುಬಾಳೆಗಳು ಚಿಗುರಿದವು. ಪಕ್ಕದಲ್ಲಿಟ್ಟ ತೋಟದ ಬಾಳೆ ಸುಟ್ಟ ಕಾಗದದಂತಾಗಿತ್ತು. ನಾನು ಮಾಷ್ಟ್ರಿಗೆ ಫೋನು ಮಾಡಿ ಮಕ್ಕಳ ಹಾಗೆ ಸಂಭ್ರಮಪಟ್ಟೆ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಬಾಟಲಿಯ ಬುಡದಲ್ಲಿ ಮಬ್ಬು ಕಂಡಿತು. ಆಮೇಲೆ ಮತ್ತೊಂದು, ಮತ್ತೆ ಒಂದು ಸಾಲು.

ವಸುಧಾ ಡೈರೆಕ್ಟರ್ ಸಾರ್ ಬಳಿ ಹೋದರು. ತಾನು ಬಾಟಲಿಗಿಳಿಸಿದಾಗ ಎಲ್ಲವೂ ನಿರ್ಮಲವಾಗಿದ್ದವು, ಕೈ ಬದಲಾದ ಮೇಲೆ ಹೀಗಾಗಿದೆ ಎಂದರಂತೆ. ಸಾರ್ ನನ್ನನ್ನು ಕರೆಸಿದರು. ಈ ಮಬ್ಬು ಹಾಲ್‌ನೊಳಗೆ ಹೊಕ್ಕರೆ ರೈತರಿಗೆ ಹೋಗುವ ಸಸಿಗಳೆಲ್ಲ ಹಾಳು, ಕಾರಣ ಹುಡುಕಿ, ಇಲ್ಲವಾದರೆ ಕಾಡುಬಾಳೆಗಳನ್ನೆಲ್ಲ ಕುದಿಸಿ ಎಸೆಯುವುದು ಎಂದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬಾಟಲಿಗಳು ಹೋದರೆ ನಾನೂ ಹೋದ ಹಾಗೆ. ಆ ಕಂದುಗಳು ಮತ್ತೆ ಸಿಗುವವೂ ಅಲ್ಲ. ಅವನ್ನು ತೆಗೆದ ಇಳಿಜಾರಿನಲ್ಲಿ ಈಗ ರಸ್ತೆ ಬಂದಿದೆ ಎಂದು ಕಳುಹಿಸಿದವರು ತಿಳಿಸಿದ್ದರು.

ನನ್ನ ಕೈ ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಕರೆಂಟಿಲ್ಲದೆ, ಸ್ಪಿರಿಟ್ ದೀಪದ ಮುಂದೆ ಇದೇ ಕೆಲಸ ಮಾಡಿದವಳು. ಹಾಗಾದರೆ ಯಾರು? ಕೀಲಿ ಯಾರ ಬಳಿ ಇತ್ತು? ಎರಡು ದಿನ ಆ ಯೋಚನೆಯನ್ನೇ ಮೆಲುಕು ಹಾಕಿದೆ. ಮೂರನೆಯ ದಿನ ಹಾಲ್‌ನ ಬಾಗಿಲಲ್ಲಿ ಅವರನ್ನು ತಡೆದು ನಿಲ್ಲಿಸಿ ಕೇಳಿಬಿಟ್ಟೆ.

'ಬಾಟಲಿ ನೀವೇ ಕೆಡಿಸಿದ್ದಲ್ಲವಾ?'

ಹುಡುಗಿಯರ ಕೈಗಳು ನಿಂತವು. ವಸುಧಾ ಮುಖದ ಮಾಸ್ಕ್ ಕೆಳಗಿಳಿಸಿದರು. ಆ ದಿನ ಅವರ ಬಾಯಿಂದ ನನಗಾಗಿ ಮೊದಲ ಬಾರಿ ಕನ್ನಡ ಬಂತು.

'ನನ್ನ ಕೈಯಿಂದ ರೈತರಿಗೆ ಎಷ್ಟು ಗಿಡ ಹೋಗಿದೆ ಗೊತ್ತೇನ್ರೀ ನಿಮ್ಗೆ? ಹದಿನೆಂಟು ವರ್ಷ ಇಲ್ಲೇ ಕೂತಿದೀನಿ. ನನ್ಗೆ ನಿಮ್ಮನ್ನ ಕಂಡ್ರೆ ಆಗಲ್ಲ, ಒಪ್ಕೋತೀನಿ. ಆದ್ರೆ ಗಿಡಕ್ಕೆ ವಿಷ ಹಾಕೋಳಲ್ಲ ನಾನು.'

'ಹಾಗಾದರೆ ನನ್ನ ಮುಂದೆ ಕೂತು ಮಾಡಿ ತೋರಿಸಿ.'

'ನೀವು ನನ್ನ ಮುಂದೆ ಮಾಡಿ ತೋರಿಸಿ.'

ಹೀಗೆ ನಮ್ಮ ಪ್ರಯೋಗ ಶುರುವಾಯಿತು. ವಿಜ್ಞಾನದ ಪ್ರೀತಿಗಲ್ಲ, ಒಬ್ಬರ ತಪ್ಪನ್ನು ಒಬ್ಬರು ಹಿಡಿಯಲಿಕ್ಕೆ. ಮಬ್ಬು ಕಾಣದೆ ಉಳಿದಿದ್ದ ಕಾಡುಬಾಳೆಯ ಗುಚ್ಛಗಳನ್ನು ಅರ್ಧರ್ಧ ಹಂಚಿಕೊಂಡೆವು. ನಾನು ಕತ್ತರಿಸುವಾಗ ಅವರು ಪಕ್ಕದಲ್ಲಿ ಕುಳಿತು ನನ್ನ ಕೈ ನೋಡುವುದು, ಅವರು ಕತ್ತರಿಸುವಾಗ ನಾನು ಅವರದನ್ನು ನೋಡುವುದು. ಅವರ ಕೈ ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಚಾಕು ಜೆಲ್ಲಿಗೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಇಬ್ಬರ ಬಾಟಲಿಗಳಲ್ಲೂ ಒಂದಷ್ಟಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಹಾಕಿದ ಜೆಲ್ಲಿ ಕೊಟ್ಟೆವು, ಉಳಿದವಕ್ಕೆ ಕೊಡಲಿಲ್ಲ. ಎಲ್ಲವನ್ನೂ ಚಳಿಗಿಟ್ಟು ಪೆಟ್ಟಿಗೆಗೆ ಎರಡು ಬೀಗ ಹಾಕಿದೆವು, ಒಂದರ ಕೀಲಿ ಅವರಿಗೆ, ಒಂದರದ್ದು ನನಗೆ. ಕೆಲಸದ ನಡುವೆ ಆಡಿದ ಮಾತೆಲ್ಲ ಮತ್ತೆ ಇಂಗ್ಲಿಷಿಗೆ ಮರಳಿತ್ತು.

ಆ ವಾರಗಳಲ್ಲೇ ಮಾಷ್ಟ್ರು ರಜೆ ಹಾಕಿ ಬಂದರು. ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿ, ಅವುಗಳ ಅಡಿಯಲ್ಲಿ ಕಾಗದ ಸುತ್ತಿದ ಒಣ ಸೀಗಡಿ. ಷರತ್ತು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ತಿನ್ನದೆ ಎಷ್ಟು ತಿಂಗಳಾಗಿತ್ತು. ಬಾಗಿಲು ಕಿಟಕಿ ಮುಚ್ಚಿ ಹುರಿದು, ತೆಂಗಿನಕಾಯಿ ಹಾಕಿ ಚಟ್ನಿ ಮಾಡಿದೆ. ಊಟಕ್ಕೆ ಕುಳಿತಿದ್ದೇವೆ, ಬಾಗಿಲು ಬಡಿದ ಸದ್ದು.

ಮುನಿತಾಯಮ್ಮ ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತು ಮೂಗಿಗೆ ಸೆರಗು ಹಿಡಿದು, ಏನಂದಿದ್ದೆ ನಾನು ಎಂದರು. ತಿಂಗಳ ಕೊನೆಗೆ ಖಾಲಿ ಮಾಡಿ ಎಂದರು. ಮಾಷ್ಟ್ರು ಎದ್ದು ಕೈ ತೊಳೆದುಕೊಂಡು ಬಂದು, ಶಾಲೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ, ತಪ್ಪು ನಮ್ಮದು ಎಂದು ಕ್ಷಮೆ ಕೇಳಿದರು. ಅವರ ಕನ್ನಡ ಕೇಳಿ ಮುನಿತಾಯಮ್ಮ ಸೆರಗು ಇಳಿಸಿದರು.

'ನೀವೂ ಕೇರಳದೋರಾ?'

ಮಾಷ್ಟ್ರಿಗೆ ಆ ಪ್ರಶ್ನೆ ಸಿಕ್ಕರೆ ಸಾಕು. ರಾಜ್ಯಗಳನ್ನು ಹಂಚಿದ್ದು, ಗೆರೆ ಎಳೆದದ್ದು, ನಮ್ಮ ಅಜ್ಜ ಯಾವ ಊರಿಗೂ ಹೋಗದೆ ಇದ್ದಲ್ಲೇ ಇದ್ದು ಬೇರೆ ರಾಜ್ಯದವರಾದದ್ದು ಎಲ್ಲವನ್ನೂ ಹೇಳಿದರು. ಆ ಹೆಂಗಸು ಬಾಗಿಲ ಚೌಕಟ್ಟಿಗೆ ಒರಗಿ ಪೂರಾ ಕೇಳಿದರು. ಹಿಂದೆ ಕಾರಿಡಾರಿನ ಕಿಟಕಿಯಲ್ಲಿ ಐಟಿ ಪಾರ್ಕಿನ ಗಾಜು ಹೊಳೆಯುತ್ತಿತ್ತು. ಅತ್ತ ಒಮ್ಮೆ ನೋಡಿ ಅವರು ಹೇಳಿದರು:

'ನಮ್ದೂ ಅಂಗೇ ಸಾರ್. ಆ ಗಾಜಿನ್ ಬಿಲ್ಡಿಂಗ್ ಐತಲ್ಲ, ಅಲ್ಲಿ ನಮ್ ರಾಗಿ ಒಲ ಇತ್ತು. ನಾವೆಲ್ಲೂ ಓಗಿಲ್ಲ. ಊರೇ ಓಯ್ತು.'

ನಾನು ಚಟ್ನಿಯ ಪಾತ್ರೆಗೆ ಮುಚ್ಚಳ ಹಾಕಿದೆ. ಇಷ್ಟಾದ ಮೇಲೆ ಅವರ ಮನಸ್ಸು ಕರಗೀತೆಂದು ಮಾಷ್ಟ್ರು ಕಾದರು. ಮುನಿತಾಯಮ್ಮ ಸೆರಗನ್ನು ಮತ್ತೆ ಮೂಗಿಗೆ ಹಿಡಿದು, 'ಅಂಗಂತ ಮೀನು ಸುಡಾಕಾಯ್ತದಾ? ಇದೇ ಕಡೇ ಸಲ' ಎಂದು ಹೇಳಿ ಇಳಿದು ಹೋದರು. ಖಾಲಿ ಮಾಡುವ ಮಾತು ಆಮೇಲೆ ಬರಲಿಲ್ಲ. ಬಾಡಿಗೆ ಮಾತ್ರ ಮುಂದಿನ ತಿಂಗಳಿಂದ ಏರಿತು.

ಬಾಟಲಿಗಳನ್ನು ಹೊರಗೆ ತೆಗೆದು ಬೆಳಕಿನ ಕೆಳಗೆ ಸಾಲಾಗಿಟ್ಟದ್ದು ಸೆಪ್ಟೆಂಬರಿನಲ್ಲಿ. ಔಷಧಿ ಕೊಡದವುಗಳಲ್ಲಿ ಮಬ್ಬು ಎದ್ದಿತು. ಅವರ ಬಾಟಲಿಗಳಲ್ಲೂ, ನನ್ನವುಗಳಲ್ಲೂ, ಹೆಚ್ಚು ಕಡಿಮೆ ಒಂದೇ ಲೆಕ್ಕಕ್ಕೆ. ವಸುಧಾ ತನ್ನ ಬಾಟಲಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತ ನಿಂತರು. ಇಬ್ಬರ ಮಬ್ಬನ್ನೂ ಹೊರಗೆ ಪರೀಕ್ಷೆಗೆ ಕಳುಹಿಸಿದೆವು. ಒಂದೇ ಬ್ಯಾಕ್ಟೀರಿಯಾ, ಗಿಡಗಳ ಒಳಗೇ ಬದುಕುವ ಜಾತಿಯದು ಎಂದು ಬಂತು. ನನ್ನ ಕೈಯಿಂದಲೂ ಅವರ ಕೈಯಿಂದಲೂ ಬಂದದ್ದಲ್ಲ. ಬೆಟ್ಟದಿಂದ ಬರುವಾಗಲೇ ಕಾಡುಬಾಳೆಯ ಮೈಯೊಳಗೆ ಅಡಗಿ ಬಂದು, ಚಳಿ ತಾಗಿದ ಮೇಲೆ ಜೆಲ್ಲಿಗೆ ಇಳಿದಿತ್ತು. ಮೇಲಿನಿಂದ ತೊಳೆದರೆ ಹೋಗುವಂಥದ್ದಲ್ಲ.

ನಾವಿಬ್ಬರೂ ಎದುರು ನೋಡದ ಇನ್ನೊಂದು ಸಂಗತಿ ಪಕ್ಕದ ಸಾಲಿನಲ್ಲಿತ್ತು. ಔಷಧಿ ಕೊಟ್ಟು ನಿರ್ಮಲ ಮಾಡಿದ ಕಾಡುಬಾಳೆಗಳು ಚಳಿಯಿಂದ ಬಂದು ಕಪ್ಪಾಗತೊಡಗಿದ್ದವು. ಮಬ್ಬು ತುಂಬಿದ ಬಾಟಲಿಗಳಲ್ಲಿ ಹಸಿರು ಸುರುಳಿ ಬಿಚ್ಚುತ್ತಿತ್ತು. ಎಲೆಯ ಚೂರುಗಳನ್ನು ಶುದ್ಧ ನೀರಿನಲ್ಲಿ ನೆನೆಸಿ ಅಳೆದೆವು. ಚಳಿಗೆ ಜೀವಕೋಶ ಒಡೆದರೆ ಒಳಗಿನ ಉಪ್ಪು ನೀರಿಗೆ ಸೋರುತ್ತದೆ, ಎಷ್ಟು ಸೋರಿತೋ ಅಷ್ಟು ಪೆಟ್ಟು. ನಿರ್ಮಲವಾದವು ಸೋರಿದವು, ಮಬ್ಬಿನವು ಗಟ್ಟಿಯಾಗಿದ್ದವು. ಇಷ್ಟು ದಿನ ನಾವು ಕಾಡುಬಾಳೆಯ ತಾಳಿಕೆ ಎಂದುಕೊಂಡದ್ದರಲ್ಲಿ ಈ ಕಳ್ಳ ಒಕ್ಕಲಿನ ಪಾಲೂ ಇರಬಹುದಿತ್ತು.

ನಾನು ಕುಣಿಯುವುದೊಂದು ಬಾಕಿ. ವಸುಧಾ ತಲೆಯಾಡಿಸಿದರು. ಔಷಧಿಯಿಂದಲೇ ಗಿಡ ಸೊರಗಿರಬಹುದಲ್ಲ, ಇಷ್ಟಕ್ಕೇ ಏನೂ ಹೇಳಲಾಗದು ಎಂದರು. ಆ ಮಾತು ಸರಿ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಔಷಧಿಯ ಅಂಶವೆಲ್ಲ ಇಳಿದ ಮೇಲೆ, ಅದೇ ನಿರ್ಮಲ ಗಿಡಗಳಿಗೆ ಬ್ಯಾಕ್ಟೀರಿಯಾವನ್ನು ಮತ್ತೆ ಸೇರಿಸಿ ಚಳಿಗಿಟ್ಟು ನೋಡಬೇಕಿತ್ತು.

ಡೈರೆಕ್ಟರ್ ಸಾರ್‌ಗೆ ಇಬ್ಬರೂ ಹೋಗಿ ಹೇಳಿದೆವು. ಕೈಯ ತಪ್ಪಲ್ಲ ಎಂದು ವಸುಧಾ ತಾವೇ ಮೊದಲು ಹೇಳಿದರು. ಹೊರಗೆ ಬಂದ ಮೇಲೆ ನಾನು ಥ್ಯಾಂಕ್ಸ್ ಎಂದೆ. 'ನಿಮಗೋಸ್ಕರ ಅಲ್ಲ' ಎಂದರು ಅವರು, ಕನ್ನಡದಲ್ಲಿ. ನನ್ನ ಮೇಲೆ ಹೊರಿಸಿದ್ದಕ್ಕೆ ಅವರು ಕ್ಷಮೆ ಕೇಳಲಿಲ್ಲ. ಬಾಗಿಲಲ್ಲಿ ನಾನು ಕೇಳಿದ ಮಾತಿಗೆ ನಾನೂ ಕೇಳಲಿಲ್ಲ.

ಸಾರ್ ಯೋಚಿಸಿದ್ದೇ ಬೇರೆ. ಮಬ್ಬಿನ ಗಿಡಗಳು ಹಾಲ್‌ನ ಹತ್ತಿರವೂ ಇರಕೂಡದು, ಮುಟ್ಟಿದವರೂ ಹಾಲ್‌ನೊಳಗೆ ಕಾಲಿಡಕೂಡದು. ಪ್ರಯೋಗ ಮುಂದುವರಿಯಲಿ, ಆದರೆ ಜನರೇಟರ್ ಪಕ್ಕದ ಹಳೆಯ ಸಾಮಾನು ಕೋಣೆಯಲ್ಲಿ. ಮುಟ್ಟಿದವರು ನಾವಿಬ್ಬರು. ಹದಿನೆಂಟು ವರ್ಷ ಕಟ್ಟಿ ಬೆಳೆಸಿದ ಹಾಲ್‌ನಿಂದ ವಸುಧಾ ಒಂದೇ ಮಾತಿಗೆ ಹೊರಬಿದ್ದರು. ಮುಖ್ಯಸ್ಥೆಯ ಕುರ್ಚಿ ಅವರ ಕೈಕೆಳಗಿದ್ದ ಹುಡುಗಿಗೆ ಹೋಯಿತು. ಗೆದ್ದೆನೆಂದು ಖುಷಿಪಡಲು ನಾನು ನೋಡಿದೆ, ಆಗಲಿಲ್ಲ. ಪೆಟ್ಟಿಗೆ ಸಾಗಿಸುವಾಗ ಅವರು ತಮ್ಮ ಹಳೆಯ ಸ್ಟೂಲನ್ನು ತಾವೇ ಎತ್ತಿಕೊಂಡು ಬಂದರು, ನಾನು ಹಿಡಿಯಲು ಹೋದರೆ ಕೈ ಕೊಡವಿದರು.

ಈಗ ಆರು ಹೆಜ್ಜೆ ಉದ್ದದ ಕೋಣೆಯಲ್ಲಿ ನಾವಿಬ್ಬರೇ. ಜನರೇಟರ್ ಶುರುವಾದರೆ ಕಪಾಟಿನ ಗಾಜು ಗಡಗಡ ಎನ್ನುತ್ತದೆ. ನನ್ನ ಡಬ್ಬಿ ತೆರೆದರೆ ಅವರು ಇನ್ನೂ ಮುಖ ಸಿಂಡರಿಸುತ್ತಾರೆ, ತೆರೆಯಲು ಅಲ್ಲಿ ಕಿಟಕಿಯಿಲ್ಲ. ಅವರ ಬಿಸಿಬೇಳೆಬಾತಿನ ಮಸಾಲೆಗೆ ನನಗೂ ಸೀನು ಬರುತ್ತದೆ. ಸ್ನೇಹವಾಯಿತೆಂದು ಯಾರೂ ತಿಳಿಯಬಾರದು. ಬಾಟಲಿ ಚೀಟಿಗಳನ್ನು ಮಾತ್ರ ಈಗ ಅವರೇ ಬರೆಯುತ್ತಾರೆ. ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ಮರುಪ್ರಯೋಗದ ಬಾಟಲಿಗಳನ್ನು ಚಳಿಯಿಂದ ತೆಗೆಯಬೇಕಾದ ದಿನ ನವೆಂಬರ್ ಒಂದಕ್ಕೆ ಬಿತ್ತು. ಕಂಪನಿಗೆ ರಜೆ, ಗಿಡಕ್ಕೆ ಇಲ್ಲ. ಬೆಳಗ್ಗೆ ಹೊರಟಾಗ ಅಗ್ರಹಾರದ ಬೀದಿಯಲ್ಲಿ ಹಳದಿ ಕೆಂಪು ಬಾವುಟ ಕಟ್ಟುತ್ತಿದ್ದ ಯುವಕರು ಅಡ್ಡ ನಿಂತು, ಮೇಡಂ, ಕನ್ನಡ ಗೊತ್ತಾ, ಒಂದು ಜೈ ಅನ್ನಿ ಎಂದು ತಮಾಷೆ ಮಾಡಿದರು. ನಮ್ಮೂರಿನಲ್ಲಿ ಆ ಬಾವುಟ ಹಿಡಿದು ನಿಲ್ಲುವಾಗ ಸುತ್ತ ಪೊಲೀಸರು ಇರುತ್ತಿದ್ದರು. ನಾನು ಅವರನ್ನು ದಾಟಿ ನಡೆದೆ. ಹಿಂದಿನಿಂದ ಒಬ್ಬ, 'ಬಿಡು ಮಗಾ, ಕೇರಳದವ್ರು' ಎಂದ.

ಕೋಣೆಯಲ್ಲಿ ವಸುಧಾ ಆಗಲೇ ಬಂದು ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ಮೇಜು ಒರೆಸುತ್ತಿದ್ದರು. ಹಳದಿ ಸೀರೆ, ಕೆಂಪು ಅಂಚು. ಬಾಟಲಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾಗ ಮಾಷ್ಟ್ರ ಫೋನು ಬಂತು. ಎರಡೂ ಕೈಯಲ್ಲಿ ಬಾಟಲಿ ಇದ್ದುದರಿಂದ ಸ್ಪೀಕರ್ ಹಾಕಿದೆ. ಶಾಲೆಯಲ್ಲಿ ಕೇರಳ ಹುಟ್ಟಿದ ದಿನದ ಸಮಾರಂಭವಂತೆ. ಹಿಂದಿನಿಂದ ಮಲಯಾಳದ ಹಾಡು ಕೇಳುತ್ತಿತ್ತು. ಈ ವರ್ಷ ಮಕ್ಕಳಿಂದ ಒಂದು ಕನ್ನಡ ಹಾಡೂ ಹೇಳಿಸುತ್ತಿದ್ದೇನೆ ಎಂದು ಅವರು ಖುಷಿಯಲ್ಲಿದ್ದರು. ಶೆಡ್ಡಿನ ಹೊರಗೆ ರಸ್ತೆಯಲ್ಲಿ ಮೆರವಣಿಗೆಯ ಧ್ವನಿವರ್ಧಕ ಜೋರಾಯಿತು. ಅದು ಎಲ್ಲಿಯ ಗಲಾಟೆ ಎಂದು ಮಾಷ್ಟ್ರು ಕೇಳಿದರು, ಫೋನಿನ ಹಾಡು ಎಲ್ಲಿಯದೆಂದು ವಸುಧಾ ಕಣ್ಣಲ್ಲೇ ಕೇಳಿದರು. ಮತ್ತೆ ಮಾಡುತ್ತೇನೆ ಎಂದು ಫೋನಿಟ್ಟೆ.

ಅಲ್ಲಿ ಇವತ್ತೇನು ಎಂದು ವಸುಧಾ ಕೇಳಿದ್ದಕ್ಕೆ ಹೇಳಿದೆ. ಇವತ್ತು ಇಲ್ಲಿಯ ರಾಜ್ಯ ಹುಟ್ಟಿದ ದಿನ, ಅಲ್ಲಿಯದ್ದೂ ಹುಟ್ಟಿದ ದಿನ. ನಮ್ಮ ಅಪ್ಪ ಇದ್ದಷ್ಟು ಕಾಲ ಈ ದಿನ ನಮ್ಮೂರು ಕೇರಳಕ್ಕೆ ಹೋದದ್ದಕ್ಕೆ ಅಂಗಿಗೆ ಕಪ್ಪು ಪಟ್ಟಿ ಚುಚ್ಚಿಕೊಂಡು ಹೊರಗೆ ಹೋಗುತ್ತಿದ್ದರು, ಕರ್ನಾಟಕ ಹುಟ್ಟಿದ್ದಕ್ಕೆ ಅಮ್ಮ ಮಧ್ಯಾಹ್ನಕ್ಕೆ ಪಾಯಸ ಮಾಡುತ್ತಿದ್ದರು. ಎರಡೂ ಕನ್ನಡಕ್ಕಾಗಿಯೇ.

ಅವರು ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಇಂಗ್ಲಿಷಿನಲ್ಲಿ ಏನೋ ಹೇಳಲು ಹೊರಟು ನಿಲ್ಲಿಸಿದರು.

'ಹಾಗಾದ್ರೆ ನಿಮ್ಗೆ ಇವತ್ತು ಹಬ್ಬಾನಾ, ಸೂತಕಾನಾ?'

ಈ ಒಂದು ವರ್ಷದಲ್ಲಿ ಬೆಂಗಳೂರು ನನ್ನನ್ನು ಕೇಳಿದ್ದರಲ್ಲಿ ನನಗೆ ಸಿಟ್ಟು ಬಾರದ ಪ್ರಶ್ನೆ ಅದೊಂದೇ. ಅದನ್ನು ಊರಿನ ನಿಮ್ಮ ಮುಂದಿಡುತ್ತಿದ್ದೇನೆ, ತಿಳಿದವರು ಹೇಳಿ. ಆ ಹೊತ್ತಿಗೆ ನಾನು ಮಾಡಿದ್ದಿಷ್ಟು. ಚಳಿಯಿಂದ ಬಂದ ಬಾಟಲಿಗಳಿಗೆ ಮಂಜು ಹಿಡಿದು ಒಳಗಿನದು ಕಾಣುತ್ತಿರಲಿಲ್ಲ. ಬ್ಯಾಕ್ಟೀರಿಯಾ ಮತ್ತೆ ಸೇರಿಸಿದ್ದರಲ್ಲಿ ಒಂದನ್ನು ಸೆರಗಿನ ತುದಿಯಿಂದ ಒರೆಸಿ ಅವರ ಕೈಗೆ ಕೊಟ್ಟು, ನಿಮ್ಮ ಕಣ್ಣು ಚುರುಕು, ಬದುಕಿದೆಯೋ ನೋಡಿ ಎಂದೆ. ಅವರು ಬಾಗಿಲ ಬೆಳಕಿಗೆ ಹೋಗಿ ನಿಂತು ನೋಡತೊಡಗಿದರು.